ಮೊದಲು ಬಣವಿ, ಆಮೇಲೆ ಎಮ್ಮೆ: ನಿವೃತ್ತರ ಹೈನಕ್ಕೊಂದು ಲೆಕ್ಕ



ಇತ್ತೀಚೆಗೆ ದರ್ಶನಕ್ಕೆ ಬರುವ ಹಿರಿಯರಲ್ಲಿ ಹಲವರು ಕಚೇರಿಯ ಕಡೆಗೂ ಬಂದು ಒಂದೇ ಮಾತು ಕೇಳುತ್ತಿದ್ದಾರೆ. ಕೆಲವರು ಮೂವತ್ತು ವರ್ಷ ಎಸ್.ಟಿ. ನೌಕರಿ ಮಾಡಿ ಊರಿಗೆ ಮರಳಿದವರು, ಕೆಲವರು ಶಾಲೆಯಲ್ಲಿ ಗುರುಗಳಾಗಿದ್ದವರು, ಇನ್ನು ಕೆಲವರು ಕಿರಾಣಿ ಅಂಗಡಿಯ ಗಲ್ಲೆಯನ್ನು ಮಗನಿಗೆ ಬಿಟ್ಟುಕೊಟ್ಟವರು. ಊರಲ್ಲಿ ನಾಲ್ಕಾರು ಎಕರೆ ಹೊಲವಿದೆ, ಕೈಯಲ್ಲಿ ನಿವೃತ್ತಿಯ ಗಂಟಿದೆ, ಮೈಯಲ್ಲಿ ಇನ್ನೂ ಕಸುವಿದೆ. "ಸುಮ್ಮನೆ ಕಟ್ಟೆಯ ಮೇಲೆ ಕೂತು ಏನು ಮಾಡೋದ್ರೀ? ನಾಲ್ಕು ದನ ಕಟ್ಟಬೇಕಂತ ಮಾಡೇವಿ. ಹೆಂಗ?" ಎಂಬುದು ಅವರ ಪ್ರಶ್ನೆ. ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ, ಮಂಗಳವೇಢೆ, ಜತ್ತ ಭಾಗದ ಭಕ್ತರಿಗೆ ಒಟ್ಟಾಗಿ ಉಪಯೋಗವಾಗಲೆಂದು ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇವೆ.

ದನ ಕಟ್ಟುವುದು ನಮ್ಮ ಪರಂಪರೆಗೆ ಹೊರತಾದ ಕೆಲಸವಲ್ಲ. ತುರುಗಾಹಿ ರಾಮಣ್ಣನವರದು ದನ ಕಾಯುವ ಕಾಯಕ. ಸಿಂದಗಿ ಸೀಮೆಯ ಗೊಲ್ಲಾಳೇಶ್ವರರದು ಕುರಿ ಕಾಯುವ ಕಾಯಕ. ಕಾಯಕಕ್ಕೆ ಐವತ್ತೆಂಟರ ಗಡಿಯೂ ಇಲ್ಲ, ಅರವತ್ತರ ಗಡಿಯೂ ಇಲ್ಲ. ಆದರೆ ಕಾಯಕವೆಂದ ಮಾತ್ರಕ್ಕೆ ಜಮಾ-ಖರ್ಚು ಬೇಡವೆಂದಲ್ಲ. ನಿವೃತ್ತಿಯ ಹಣ ಕೈಗೆ ಬಂದ ಮೂರೇ ತಿಂಗಳಲ್ಲಿ ಶೆಡ್ಡು ಹಾಕಿಸಿ, ಹತ್ತು ವಿಲಾಯತಿ ಆಕಳು ತಂದು ಕಟ್ಟಿ, ಎರಡನೆಯ ಬೇಸಿಗೆಗೆ ತಗಡು ಸಹ ಮಾರಿದವರನ್ನು ನಾವು ಕಂಡಿದ್ದೇವೆ. ದುಡಿಯುವ ವಯಸ್ಸಿನಲ್ಲಿ ಕಳೆದ ಹಣವನ್ನು ಮತ್ತೆ ದುಡಿಯಬಹುದು. ಪಿ.ಎಫ್. ಮತ್ತು ಗ್ರಾಚ್ಯುಟಿಯ ಹಣ ಒಮ್ಮೆ ಹೋದರೆ ಎರಡನೆಯ ಸಲ ಯಾರೂ ಕೊಡುವುದಿಲ್ಲ. ಆದ್ದರಿಂದ ನಮ್ಮ ಮಾತು ಸ್ವಲ್ಪ ಕಟುವೆನಿಸಿದರೂ ಓದಬೇಕು.

ಮೊದಲೇ ಒಂದು ಮಾತು. ಆಡು, ಕುರಿ, ಕೋಳಿ ಸಾಕಣೆಗೆ ಸರಕಾರದ ಸಹಾಯಧನ ಚೆನ್ನಾಗಿದೆ, 2021ರಲ್ಲಿ ಪರಿಷ್ಕರಿಸಿದ ರಾಷ್ಟ್ರೀಯ ಜಾನುವಾರು ಮಿಷನ್ನಿನ ಒತ್ತು ಬಹುಮಟ್ಟಿಗೆ ಅವುಗಳ ಮೇಲೆಯೇ ಇದೆ. ಆದರೆ ಆ ಲೆಕ್ಕದ ಜಮಾ ಬಾಜುವೆಲ್ಲ ಕಟುಕನ ಹಣ. ಲಿಂಗವಂತರ ಮನೆಯ ಪಾಠವಾದ್ದರಿಂದ ಇಲ್ಲಿ ಹಾಲಿನ ದನಗಳ ವಿಚಾರ ಮಾತ್ರ ಮಾಡುತ್ತೇವೆ.

ಯಾವ ದನ?

ನಮ್ಮ ಸೀಮೆಯ ಹೆಸರಾಂತ ತಳಿಗಳು ಎರಡು. ಖಿಲಾರಿ ದುಡಿಮೆಯ ದನ, ಹಾಲು ಅಲ್ಪ. ಮಗ ಒಕ್ಕಲುತನ ಮಾಡುತ್ತಿದ್ದು, ಎತ್ತಿನ ಬೇಸಾಯ ಇನ್ನೂ ಉಳಿದಿದ್ದರೆ ಒಂದು ಖಿಲಾರಿ ಆಕಳು ಮನೆಗೆ ಶೋಭೆ. ಹಾಲು ಮಾರುವ ಉದ್ದೇಶಕ್ಕೆ ಅದು ಆಗದು. ಇನ್ನೊಂದು ಪಂಢರಪುರಿ ಎಮ್ಮೆ. ಕತ್ತಿಯಂತೆ ಹಿಂದಕ್ಕೆ ಚಾಚಿ ಹೆಗಲು ದಾಟುವ ಉದ್ದ ಕೋಡು, ಮಧ್ಯಮ ಮೈಕಟ್ಟು. ಒಣ ಮೇವು ತಿಂದು, ನಮ್ಮ ಬಿಸಿಲು ತಡೆದು, ತಪ್ಪದೆ ಗಬ್ಬ ಕಟ್ಟುವ ಗುಣ ಇದಕ್ಕಿದೆ. ಹಾಲಿನಲ್ಲಿ ಜಿಡ್ಡು ನೂರಕ್ಕೆ ಏಳೆಂಟು. ಕೊಲ್ಲಾಪುರದಲ್ಲಿ ಗಿರಾಕಿಯ ಎದುರಿಗೇ ಹಿಂಡಿ ಕೊಡುವ ಎಮ್ಮೆಗಳಲ್ಲಿ ಈ ತಳಿಯವೇ ಹೆಚ್ಚು.

ವಿಲಾಯತಿ ಮಿಶ್ರತಳಿಯ ಆಕಳು ಹೆಚ್ಚು ಹಾಲು ಕೊಡುತ್ತದೆಂಬುದು ನಿಜ. ಅದಕ್ಕೆ ವರ್ಷವಿಡೀ ಹಸಿ ಮೇವು, ತಂಪು, ಚುರುಕಾದ ಕೈಗಳು ಬೇಕು. ಬೇಸಿಗೆಯಲ್ಲಿ 42 ಡಿಗ್ರಿ ದಾಟುವ ಊರಿನಲ್ಲಿ, ಅರವತ್ತರ ದಂಪತಿಗಳಿಗೆ ಎರಡು ಪಂಢರಪುರಿ ಎಮ್ಮೆಯೇ ಸರಿ ಎಂಬುದು ನಮ್ಮ ಅಭಿಪ್ರಾಯ. ಎರಡು ಏಕೆಂದರೆ ಒಂದು ಬತ್ತಿದಾಗ ಇನ್ನೊಂದು ಹಿಂಡುತ್ತಿರಬೇಕು. ಎರಡನ್ನೂ ಒಂದೇ ದಿನ ಕೊಳ್ಳಬಾರದು, ಆರೇಳು ತಿಂಗಳ ಅಂತರವಿರಲಿ.

ಮೇವು ಮತ್ತು ನೀರು

ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿದ ಸಿದ್ಧರಾಮರ ನಾಡಿನಲ್ಲಿ ನೀರಿನ ಮಾತು ಮೊದಲು ಬರಬೇಕು. ಒಂದು ಎಮ್ಮೆಗೆ ಕುಡಿಯಲು ದಿನಕ್ಕೆ 60ರಿಂದ 80 ಲೀಟರು ನೀರು, ಬೇಸಿಗೆಯಲ್ಲಿ ಮೈಮೇಲೆ ಸುರಿಯಲು ಬೇರೆ. ಎಮ್ಮೆಯ ಕರಿ ಚರ್ಮಕ್ಕೆ ಬೆವರುವ ಶಕ್ತಿ ಕಡಿಮೆ, ಎರಡು ಹೊತ್ತು ನೀರು ಹಾಕದಿದ್ದರೆ ಹಾಲೂ ಇಳಿಯುತ್ತದೆ, ಬೆದೆಯೂ ಕಾಣುವುದಿಲ್ಲ. ಚೈತ್ರ-ವೈಶಾಖದಲ್ಲಿ ನಿಮ್ಮ ಬಾವಿ ಅಥವಾ ಬೋರು ಎಷ್ಟು ನೀರು ಕೊಡುತ್ತದೆಂದು ನೋಡಿ ಮುಂದಿನ ವಿಚಾರ ಮಾಡಿರಿ. ಮಾಘದ ನೀರು ನೋಡಿ ಎಮ್ಮೆ ತರಬೇಡಿರಿ.

ಇನ್ನು ಮೇವು. ಎಮ್ಮೆಗೆ ದಿನಕ್ಕೆ ಸುಮಾರು 6 ಕಿಲೋ ಒಣ ಕಡಬಾ (ಆಚೆಯವರು ಕಣಕಿ ಎನ್ನುತ್ತಾರೆ), 20 ಕಿಲೋ ಹಸಿ ಮೇವು ಬೇಕು. ವರ್ಷಕ್ಕೆ ಕಡಬಾ ಎರಡು ಟನ್ನಿಗೆ ಮೇಲಾಯಿತು, ಎರಡು ಎಮ್ಮೆಗೆ ನಾಲ್ಕೂವರೆ ಟನ್ನು. ಮಾಲದಂಡಿ ಜೋಳದ ಕಡಬಾ ದನಗಳಿಗೆ ಬಲು ಇಷ್ಟ. ಈ ಮಾಲದಂಡಿಯ ಹೆಸರಾಂತ ಆಯ್ಕೆ ನಮ್ಮ ಮೊಹೋಳದಲ್ಲಿಯೇ ಆದದ್ದು. ಹಿಂಗಾರಿ ಚೆನ್ನಾಗಿ ಬಂದರೆ ಎಕರೆಗೆ ಎರಡು ಟನ್ನಿನಷ್ಟು ಕಡಬಾ, ಕೆಟ್ಟರೆ ಅದರ ಅರ್ಧವೂ ಇಲ್ಲ. ಎಂದ ಮೇಲೆ ಎರಡು ಎಮ್ಮೆಗೆ ಮೂರರಿಂದ ನಾಲ್ಕು ಎಕರೆ ಜೋಳದ ಹೊಲ ಬೇಕೆಂದಾಯಿತು. ಇಲ್ಲದಿದ್ದರೆ ಒಂದೇ ಎಮ್ಮೆ ಸಾಕು. ಮೇವು ಕತ್ತರಿಸುವ ಯಂತ್ರಕ್ಕೆ ಹಾಕಿ ಕೊಟ್ಟರೆ ಗೋದಲಿಯಲ್ಲಿ ತುಳಿದು ಕೆಡಿಸುವುದು ಬಹಳ ಕಡಿಮೆಯಾಗುತ್ತದೆ. ಶೆಡ್ಡಿಗೆ ಹಣ ಸುರಿಯುವವರು ಮೊದಲು ಆ ಯಂತ್ರ ಕೊಳ್ಳಲಿ. ಶೆಡ್ಡೆಂದರೆ ಬೇವಿನ ಮರದ ನೆರಳು, ಮೇಲೆ ಹುಲ್ಲಿನ ಚಪ್ಪರ, ಕೆಳಗೆ ಜಾರದ ನೆಲ, ಇಷ್ಟೇ ಸಾಕು.

ಹಸಿ ಮೇವಿಗೆ ನೇಪಿಯರ್ ಹುಲ್ಲು. ರಾಹುರಿ ಕೃಷಿ ವಿದ್ಯಾಪೀಠದ ಫುಲೆ ಜಯವಂತ ಎಂಬ ತಳಿಯ ಕಾಂಡ ಸಿಗುತ್ತದೆ. ವರ್ಷವಿಡೀ ನೀರಿದ್ದರೆ ಹತ್ತು ಗುಂಟೆಯಲ್ಲಿ ವರ್ಷಕ್ಕೆ ಹನ್ನೆರಡು ಟನ್ನಿನ ಮೇಲೆ ಬೆಳೆಯಬಹುದು. ದಿನದ ಲೆಕ್ಕಕ್ಕೆ ಮೂವತ್ತು ಮೂವತ್ತೈದು ಕಿಲೋ ಆಯಿತು. ಬದುವಿಗೆ ಒಂದೆರಡು ಸಾಲು ಸುಬಾಬುಲ್, ಎರಡು ಗುಂಟೆ ಕುದುರೆಮೆಂತೆ ಹಾಕಿದರೆ ಎರಡು ಎಮ್ಮೆಗೆ ಸರಿಹೋಗುತ್ತದೆ. ಕಾರ್ಖಾನೆ ಸುರುವಾದ ದಿನಗಳಲ್ಲಿ ಅಗ್ಗಕ್ಕೆ ಸಿಗುವ ಕಬ್ಬಿನ ವಾಡೆಯನ್ನೇ ನಂಬಬಾರದು. ಅದರಲ್ಲಿರುವ ಆಕ್ಸಲೇಟು ಮೈಯ ಸುಣ್ಣವನ್ನು ಹಿಡಿದಿಡುತ್ತದೆ. ಕೊಡುವುದಾದರೆ ಖನಿಜ ಮಿಶ್ರಣ ತಪ್ಪಿಸಬಾರದು.

ಬರದ ಮಾತನ್ನು ಈ ಭಾಗದವರಿಗೆ ಹೇಳಬೇಕಾಗಿಲ್ಲ. 1972ರದನ್ನು ಹಿರಿಯರು ಕಂಡಿದ್ದಾರೆ. 2012-13ರಲ್ಲಿ, ಮತ್ತೆ 2019ರ ಬೇಸಿಗೆಯಲ್ಲಿ ಸಾಂಗೋಲೆ, ಮಂಗಳವೇಢೆ, ಜತ್ತ ಕಡೆ ದನಗಳು ತಿಂಗಳುಗಟ್ಟಲೆ ಚಾರಾ ಛಾವಣಿಯಲ್ಲಿದ್ದುದನ್ನು ಎಲ್ಲರೂ ನೋಡಿದ್ದೇವೆ. ಅರವತ್ತೈದು ವರ್ಷದವರು ಛಾವಣಿಯಲ್ಲಿ ಎಮ್ಮೆಯ ಜೊತೆ ಮೂರು ತಿಂಗಳು ಮಲಗುವುದು ಆಗುವ ಮಾತೇ? ಒಂದು ವರ್ಷದ ಬಣವಿ ಹಿತ್ತಿಲಲ್ಲಿ ನಿಲ್ಲುವವರೆಗೆ ಸಂತೆಗೆ ಹೋಗಬೇಡಿರೆಂದು ನಾವು ಹೇಳುವುದು ಇದಕ್ಕಾಗಿಯೇ.

ಜಮಾ-ಖರ್ಚು

ಮಾರುವವನು "ದಿನಕ್ಕೆ ಹತ್ತು ಲೀಟರ್" ಎನ್ನುತ್ತಾನೆ. ಅದು ಈದ ಹೊಸತರಲ್ಲಿ, ಒಳ್ಳೆಯ ಎಮ್ಮೆಯ ಮಾತು. ಪಂಢರಪುರಿ ಎಮ್ಮೆ ಒಂದು ಸೂಲಿಗೆ, ಕರು ಕುಡಿದು ಉಳಿದದ್ದು, ಸುಮಾರು 1,700 ಲೀಟರು ಎಂದು ಹಿಡಿಯಿರಿ. ಹಿಂಡುವುದು ಸುಮಾರು 300 ದಿನ. ಭಾಗಿಸಿದರೆ ದಿನಕ್ಕೆ ಆರಕ್ಕೂ ಕಡಿಮೆ. ಆದರೆ ಒಂದು ಸೂಲಿನಿಂದ ಮುಂದಿನ ಸೂಲಿಗೆ ಸರಾಸರಿ ಹದಿನೈದು ತಿಂಗಳು, ಅಂದರೆ 455 ದಿನ. ಎಮ್ಮೆ ಹಾಲು ಬಿಟ್ಟ ದಿನವೂ ಹೊಟ್ಟೆ ಬಿಡುವುದಿಲ್ಲ. 455ರಿಂದ ಭಾಗಿಸಿದರೆ ದಿನಕ್ಕೆ ನಾಲ್ಕು ಲೀಟರಿಗೂ ಕಡಿಮೆಯೇ. ಲೆಕ್ಕ ಹಾಕಬೇಕಾದದ್ದು ಇದರ ಮೇಲೆ.

ಒಂದು ಎಮ್ಮೆಯ ಹದಿನೈದು ತಿಂಗಳ ಲೆಕ್ಕವನ್ನು ಕೆಳಗೆ ಕೊಟ್ಟಿದ್ದೇವೆ. ದರಗಳು ಉದಾಹರಣೆಗೆ ಹಿಡಿದವು, ಅವುಗಳ ಜಾಗದಲ್ಲಿ ತಮ್ಮ ಊರಿನ ದರ ಹಾಕಿಕೊಳ್ಳಬೇಕು.

ಜಮಾ: ಮನೆಗೆ 300 ಲೀಟರು ತೆಗೆದು, ಮಾರಿದ್ದು 1,400 ಲೀಟರು, 50 ರೂಪಾಯಿಯಂತೆ 70,000.
ಖರ್ಚು: ಹಿಂಡಿ, ಬೂಸಾ (ಎರಡು ಲೀಟರು ಹಾಲಿಗೆ ಒಂದು ಕಿಲೋ, ಮೈಗೆಂದು ದಿನಕ್ಕೆ ಒಂದು ಕಿಲೋ) ಸುಮಾರು 1,300 ಕಿಲೋ, 30 ರೂಪಾಯಿಯಂತೆ 39,000.
ಖನಿಜ ಮಿಶ್ರಣ, ಔಷಧ, ವಿಮೆ, ಗಬ್ಬ ಕಟ್ಟಿಸುವ ಖರ್ಚು 5,000.
ಉಳಿದದ್ದು 26,000.

ತಿಂಗಳಿಗೆ 1,733 ರೂಪಾಯಿ ಆಯಿತು. ಇದರಲ್ಲಿ ನಿಮ್ಮ ಕೂಲಿ ಹಿಡಿದಿಲ್ಲ, ಮೇವು ಮನೆಯದೇ ಎಂದು ಹಿಡಿದಿದೆ. ಅದೇ ಕಡಬಾವನ್ನು ಕಿಲೋಕ್ಕೆ 8 ರೂಪಾಯಿಯಂತೆ ಕೊಂಡರೆ 2,730 ಕಿಲೋಕ್ಕೆ 21,840 ರೂಪಾಯಿ ಹೋಗಿ ಉಳಿಯುವುದು 4,160. ತೊಂಬತ್ತು ಸಾವಿರದ ಎಮ್ಮೆಯನ್ನು ನೂರಕ್ಕೆ ಹತ್ತರ ಬಡ್ಡಿಯ ಸಾಲದಲ್ಲಿ ಕೊಂಡಿದ್ದರೆ ಹದಿನೈದು ತಿಂಗಳ ಬಡ್ಡಿಯೇ 11,250, ಅಲ್ಲಿಗೆ ನಷ್ಟ. ಎಮ್ಮೆ ಅದೇ, ಹಾಲು ಅದೇ, ಹಿಂಡುವ ಕೈ ಅದೇ. ವ್ಯಾಪಾರಸ್ಥ ಬಂಧುಗಳಿಗೆ ಇದು ಬೇಗ ಅರ್ಥವಾಗುತ್ತದೆ: ಲಾಭವಿರುವುದು ಕೆಚ್ಚಲಿನಲ್ಲಲ್ಲ, ಬಣವಿಯಲ್ಲಿ. ಎರಡರ ಜಾಗದಲ್ಲಿ ಹತ್ತು ಎಮ್ಮೆ ಕಟ್ಟಿ ಮೇವು ಕೊಳ್ಳುವವರು ನಷ್ಟವನ್ನೂ ಐದು ಪಟ್ಟು ಮಾಡಿಕೊಳ್ಳುತ್ತಾರೆ.

ಹೀಗಿದ್ದರೆ ಏಕೆ ಕಟ್ಟಬೇಕೆಂದು ಕೇಳಬಹುದು. ಮನೆಯಲ್ಲಿ ಕಲಬೆರಕೆಯಿಲ್ಲದ ಹಾಲು, ಮಜ್ಜಿಗೆ, ತುಪ್ಪ. ಹೊಲಕ್ಕೆ ಗೊಬ್ಬರ. ಎರಡು ಎಮ್ಮೆ ಮತ್ತು ಕರುಗಳ ಸಗಣಿಯಿಂದ ಒಂದು ಘನ ಮೀಟರಿನ ಗೋಬರ್ ಗ್ಯಾಸು ನಡೆಯುತ್ತದೆ. ಪಿಂಚಣಿಯ ಮೇಲೆ ತಿಂಗಳಿಗೆ ಮೂರು ಸಾವಿರ ಕೂಡಿದರೆ ಔಷಧದ ಖರ್ಚಿಗೆ ಮಗನ ಮುಂದೆ ಕೈಚಾಚಬೇಕಿಲ್ಲ. ಇಷ್ಟು ಸಾಕೆನ್ನುವವರಿಗೆ ಇದು ಒಳ್ಳೆಯ ಕಾಯಕ. ನಿವೃತ್ತಿಯ ಗಂಟಿನಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಇದರಲ್ಲಿ ಹಾಕಬಾರದು, ಉಳಿದದ್ದು ಅಂಚೆ ಕಚೇರಿಯಲ್ಲೋ ಬ್ಯಾಂಕಿನಲ್ಲೋ ಇರಲಿ. ಹಿಂಡಿ-ಬೂಸಾದ ಕೈಗಡಕ್ಕೆ ಕಿಸಾನ್ ಕ್ರೆಡಿಟ್ ಕಾರ್ಡು ಅನುಕೂಲ. 2018-19ರಿಂದ ಅದನ್ನು ಪಶುಪಾಲನೆಗೂ ವಿಸ್ತರಿಸಿದ್ದಾರೆ. ಆದರೆ ಅದು ದಿನದ ಖರ್ಚಿಗೆ, ಎಮ್ಮೆ ಕೊಳ್ಳುವುದಕ್ಕಲ್ಲ.

ಇನ್ನೊಂದು ಬಾಬು ಯಾವ ಬ್ಯಾಂಕಿನ ವರದಿಯಲ್ಲೂ ಬರುವುದಿಲ್ಲ. ನಿವೃತ್ತಿಯಾದದ್ದು ಯಜಮಾನರಿಗೆ, ಮನೆಯ ತಾಯಿಗಲ್ಲ. ಅವರು ಐವತ್ತು ವರ್ಷದಿಂದ ಒಂದು ದಿನವೂ ರಜೆಯಿಲ್ಲದೆ ದುಡಿದವರು. ಎಮ್ಮೆ ಬಂದ ಮರುದಿನದಿಂದ ಸಗಣಿ ಬಳಿಯುವುದು, ಕಸ ಹೊಡೆಯುವುದು, ಹೆಪ್ಪು ಹಾಕುವುದು, ಕಡೆಯುವುದು ಯಾರ ಪಾಲಿಗೆ ಬರುತ್ತದೆಂದು ಎಲ್ಲರಿಗೂ ಗೊತ್ತು. ಯಜಮಾನರು ಡೇರಿಗೆ ಕ್ಯಾನು ಒಯ್ದು ಅಲ್ಲಿ ಒಂದು ತಾಸು ರಾಜಕೀಯ ಮಾತಾಡಿ ಬರುತ್ತಾರೆ. ಮೊದಲು ಅವರನ್ನು ಕೇಳಿರಿ. ಮೊಣಕಾಲು ನೋಯುವವರು ದಿನಕ್ಕೆ ಎರಡು ಸಲ ಕುಕ್ಕರಗಾಲಿನಲ್ಲಿ ಕೂತು ಹಿಂಡಲಾರರು. ಪುಣೆಯಲ್ಲಿರುವ ಮೊಮ್ಮಗನ ಹುಟ್ಟುಹಬ್ಬಕ್ಕೆ ಇಬ್ಬರೂ ಹೋಗಬೇಕೆಂದರೆ ಆ ನಾಲ್ಕು ದಿನ ಹಿಂಡುವವರು ಯಾರು? ಓಣಿಯಲ್ಲಿ ಎರಡು ಮನೆಯವರು ಮಾತಾಡಿಕೊಂಡು ಒಬ್ಬರಿಗೊಬ್ಬರು ಆಗುವುದಾದರೆ ಮಾತ್ರ ಇದು ನಡೆಯುತ್ತದೆ. ಹಾಲಿನ ಹಣ ತಾಯಂದಿರ ಖಾತೆಗೇ ಜಮಾ ಆಗಲಿ ಎಂಬುದೂ ನಮ್ಮ ಸೂಚನೆ.

ಕೋಣಗರು ಮತ್ತು ಗೊಡ್ಡೆಮ್ಮೆ

ಈಗ ಯಾರೂ ಬಾಯಿಬಿಟ್ಟು ಕೇಳದ ವಿಷಯಕ್ಕೆ ಬರೋಣ. ಎಮ್ಮೆ ಈದರೆ ಎರಡರಲ್ಲಿ ಒಂದು ಕೋಣಗರು. ಕರು ಮೊದಲ ಮೂರು ತಿಂಗಳಲ್ಲಿ ಸುಮಾರು 200 ಲೀಟರು ಹಾಲು ಕುಡಿಯುತ್ತದೆ. ಮಾರಿದರೆ ಹತ್ತು ಸಾವಿರ ರೂಪಾಯಿ. ಕೋಣಕ್ಕೆ ಗಾಡಿಯ ಕೆಲಸವೂ ಈಗ ಉಳಿದಿಲ್ಲ. ಆದ್ದರಿಂದ ಹಲವು ಕೊಟ್ಟಿಗೆಗಳಲ್ಲಿ ಕೋಣಗರುವನ್ನು ಮೊಲೆಗೆ ಬಿಟ್ಟಂತೆ ಮಾಡಿ ಎಳೆದು ಕಟ್ಟುತ್ತಾರೆ. ಅದು ಸೊರಗಿ ಸೊರಗಿ ತಿಂಗಳೊಳಗೆ ಸಾಯುತ್ತದೆ. ಕೇಳಿದರೆ "ಬೇನೆ ಬಂದು ಸತ್ತಿತು" ಎನ್ನುತ್ತಾರೆ. ಮಾಂಸ ಮುಟ್ಟದ, ಇರುವೆಗೆ ಸಕ್ಕರೆ ಹಾಕುವ ಮನೆಗಳಲ್ಲಿಯೂ ಇದು ನಡೆಯುತ್ತದೆಂದು ಬರೆಯಲು ನಮಗೆ ಸಂಕೋಚವಿಲ್ಲ. ಕತ್ತಿಯಿಂದ ಕೊಲ್ಲುವುದಕ್ಕೂ ಹಸಿವಿನಿಂದ ಕೊಲ್ಲುವುದಕ್ಕೂ ಇರುವ ವ್ಯತ್ಯಾಸ ಸಮಯದ್ದು ಮಾತ್ರ.

ಇದರಲ್ಲಿ ಲಾಭವೂ ಇಲ್ಲ. ಕರು ಸತ್ತ ಎಮ್ಮೆ ಹಾಲು ಇಳಿಸದು. ಆಗ ಸೂಜಿಮದ್ದಿನ ದಾರಿ ಹಿಡಿಯುತ್ತಾರೆ, ಅದು ಎಮ್ಮೆಗೂ ಹಿಂಸೆ, ಕಾಯ್ದೆಗೂ ವಿರುದ್ಧ. ಆದ್ದರಿಂದ ಕರುವಿನ ಪಾಲನ್ನು ಲೆಕ್ಕದ ಹೊರಗೇ ತೆಗೆದಿಟ್ಟು ಉಳಿದದ್ದನ್ನು ಹಾಲೆಂದು ಹಿಡಿಯಿರಿ. ಮೇಲಿನ ಲೆಕ್ಕದಲ್ಲಿ ನಾವು ಹಾಗೆಯೇ ಹಿಡಿದಿದ್ದೇವೆ. ಗಂಡಾಗಲಿ ಹೆಣ್ಣಾಗಲಿ, ಹುಟ್ಟಿದ ಒಂದು ತಾಸಿನೊಳಗೆ ಗಿಣ್ಣದ ಹಾಲು ಕುಡಿಸಬೇಕು, ಮಾಸು ಬೀಳಲಿ ಎಂದು ಕಾಯಬಾರದು. ದಿನಕ್ಕೆ ಕರುವಿನ ತೂಕದ ಹತ್ತರಲ್ಲೊಂದು ಪಾಲು, ಮೂವತ್ತು ಕಿಲೋದ ಕರುವಿಗೆ ಮೂರು ಲೀಟರು. ಎಮ್ಮೆಗರುಗಳಿಗೆ ತಾಯ ಹಾಲಿನಿಂದಲೇ ದುಂಡು ಜಂತು ಬರುತ್ತದೆ. ಎರಡನೆಯ ವಾರದಲ್ಲಿ ವೈದ್ಯರನ್ನು ಕೇಳಿ ಜಂತಿನ ಔಷಧ ಕೊಟ್ಟರೆ ಸಾಯುವ ಕರುಗಳಲ್ಲಿ ಎಷ್ಟೋ ಉಳಿಯುತ್ತವೆ. ನೂರಕ್ಕೆ ತೊಂಬತ್ತರಷ್ಟು ಹೆಣ್ಣುಗರುವೇ ಹುಟ್ಟುವಂತೆ ಲಿಂಗ ಬೇರ್ಪಡಿಸಿದ ವೀರ್ಯವೂ ಈಗ ಬಂದಿದೆ. ನಿಮ್ಮ ತಳಿಗೆ ಸಿಗುತ್ತದೆಯೇ ಎಂದು ಪಶು ದವಾಖಾನೆಯಲ್ಲಿ ವಿಚಾರಿಸಿರಿ. ಹುಟ್ಟಿದ ಮೇಲೆ ಕೊಲ್ಲುವುದಕ್ಕಿಂತ ಹುಟ್ಟುವ ಮೊದಲೇ ವಿಚಾರ ಮಾಡುವುದು ಮೇಲು.

ಗೊಡ್ಡಾದ ಎಮ್ಮೆಯದೂ ಇದೇ ಕಥೆ. ಮಹಾರಾಷ್ಟ್ರದಲ್ಲಿ ಆಕಳ ಹತ್ಯೆಗೆ ಮೊದಲಿನಿಂದ ನಿಷೇಧವಿದ್ದು, 2015ರಿಂದ ಎತ್ತು-ಹೋರಿಗಳಿಗೂ ಅದು ಬಂದಿದೆ. ಎಮ್ಮೆ ಆ ನಿಷೇಧದಲ್ಲಿ ಇಲ್ಲ. ಕಾಯ್ದೆ ಬಿಟ್ಟಿತೆಂದು ನಮ್ಮ ಮನಸ್ಸು ಬಿಡಬೇಕೇ? ಹನ್ನೆರಡು ವರ್ಷ ಹಾಲುಂಡವರು ಕೊನೆಗೆ ಹಗ್ಗ ಬಿಚ್ಚಿ ದಲಾಲನ ಕೈಗೆ ಕೊಟ್ಟು ಮುಖ ತಿರುಗಿಸಿಕೊಂಡು ಬರುತ್ತಾರೆ. ಇದಕ್ಕೆ ನಾವು ಸೂಚಿಸುವ ಉಪಾಯ ನಿವೃತ್ತರಿಗೆ ಹೊಸದೇನಲ್ಲ. ತಮ್ಮ ಪಗಾರಿನಿಂದ ತಿಂಗಳು ತಿಂಗಳು ಪಿ.ಎಫ್. ಕಡಿತವಾಗುತ್ತಿತ್ತಲ್ಲವೇ? ಅದರಂತೆ ಮಾರಿದ ಪ್ರತಿ ಲೀಟರಿಗೆ ಎರಡು ರೂಪಾಯಿಯನ್ನು ಎಮ್ಮೆಯ ಹೆಸರಿನಲ್ಲಿ ಬೇರೆ ಇಡಬೇಕು. ಸೂಲಿಗೆ 2,800, ಆರು ಸೂಲಿಗೆ 16,800 ರೂಪಾಯಿ. ಅದು ಹಾಲು ನಿಲ್ಲಿಸಿದ ಮೇಲೆ ಮನೆಯ ಕಡಬಾ ತಿಂದು, ಗೊಬ್ಬರ ಕೊಡುತ್ತಾ ಇರಲು ಈ ನಿಧಿ ಒದಗುತ್ತದೆ. ಇಷ್ಟು ತೆಗೆದ ಮೇಲೆ ಲಾಭ ಕಾಣದಿದ್ದರೆ, ಮೊದಲು ಕಂಡ ಲಾಭ ಎಮ್ಮೆಯ ಮುಪ್ಪಿನಿಂದ ಕದ್ದದ್ದೆಂದೇ ತಿಳಿಯಬೇಕು.

ಕೊಳ್ಳುವಾಗ

ಸಾಂಗೋಲೆಯ ಸಂತೆಯಾಗಲಿ, ಪಂಢರಪುರದ ಕಾರ್ತಿಕಿಯಾಗಲಿ, ರುಮಾಲಿನ ಕೆಳಗೆ ಬೆರಳು ಹಿಡಿದು ನಡೆಯುವ ವ್ಯಾಪಾರ ಹೊಸಬರಿಗೆ ಅರ್ಥವಾಗದು. ಸಾಧ್ಯವಿದ್ದರೆ ಗುರುತಿನ ಒಕ್ಕಲಿಗರ ಕೊಟ್ಟಿಗೆಗೆ ಹೋಗಿ, ಎರಡನೆಯ ಸೂಲಿನ ಎಮ್ಮೆಯನ್ನು, ಕರುವಿನ ಸಮೇತ ಕೊಳ್ಳಿರಿ. ಹಾಲು ಕಟ್ಟಿ ಕೆಚ್ಚಲು ಉಬ್ಬಿಸಿ ತರುವುದು ಹಳೆಯ ಆಟ. ಒಂದು ಸಂಜೆ, ಮರುದಿನ ಬೆಳಿಗ್ಗೆ, ಮತ್ತೆ ಸಂಜೆ, ಹೀಗೆ ಮೂರು ಹೊತ್ತು ಎದುರಿಗೆ ಹಿಂಡಿಸಿ ಕೊನೆಯ ಎರಡನ್ನು ಮಾತ್ರ ಕೂಡಿಸಿಕೊಳ್ಳಬೇಕು. ನಾಲ್ಕೂ ಮೊಲೆಗಳಿಂದ ನೀವೇ ಒಂದೊಂದು ಧಾರೆ ಹಿಂಡಿ ನೋಡಿರಿ. ಗರಣೆ ಕಂಡರೆ ಕೆಚ್ಚಲು ಬಾವು.

ಮಹಾರಾಷ್ಟ್ರದಲ್ಲಿ 2024ರಿಂದ ಕಿವಿಬಿಲ್ಲೆಯಿಲ್ಲದ ದನಗಳ ಮಾರಾಟಕ್ಕೆ ಅವಕಾಶವಿಲ್ಲ. ಹನ್ನೆರಡು ಅಂಕಿಯ ಸಂಖ್ಯೆಯನ್ನು ರಸೀದಿಯಲ್ಲಿ ಬರೆಯಿಸಿಕೊಳ್ಳಬೇಕು. ಗಡಿಯಾಚೆ ವಿಜಯಪುರ ಜಿಲ್ಲೆಯಲ್ಲಿ ಕೊಂಡು ತರುವವರು ಹೆಚ್ಚು ಎಚ್ಚರದಿಂದಿರಬೇಕು. ಕರ್ನಾಟಕದ 2020ರ ಗೋಹತ್ಯಾ ನಿಷೇಧ ಕಾಯ್ದೆಯಲ್ಲಿ ಹದಿಮೂರು ವರ್ಷದೊಳಗಿನ ಎಮ್ಮೆ-ಕೋಣಗಳೂ ಸೇರಿವೆ, ಸಾಗಣೆಗೂ ನಿಯಮಗಳಿವೆ. ಸಂತೆಯ ರಸೀದಿ, ಪಶುವೈದ್ಯರ ಪ್ರಮಾಣಪತ್ರ, ತಮ್ಮ ಹೊಲದ ಸಾತ್‌ಬಾರಾ ಉತಾರೆ ಜೊತೆಗಿರಲಿ. ಹಾಲಿಗಾಗಿ ಒಯ್ಯುತ್ತಿದ್ದೇವೆಂದು ರಾತ್ರಿ ನಾಕೆಯಲ್ಲಿ ಬಾಯಿಮಾತಿನಿಂದ ಒಪ್ಪಿಸುವುದು ಕಷ್ಟ.

ಮನೆಗೆ ತಂದ ಮೇಲೆ ಕಾಲುಬಾಯಿ ಬೇನೆಗೆ ಆರು ತಿಂಗಳಿಗೊಮ್ಮೆ, ಗಂಟಲು ಬೇನೆಗೆ ಮಳೆಗಾಲದ ಮುಂಚೆ, ಹೆಣ್ಣುಗರುವಿಗೆ ನಾಲ್ಕರಿಂದ ಎಂಟು ತಿಂಗಳೊಳಗೆ ಕಂದುರೋಗದ ಲಸಿಕೆ ಹಾಕಿಸಬೇಕು. ಫಿರತಿ ಪಶುವೈದ್ಯರಿಗಾಗಿ 1962 ಎಂಬ ಸಂಖ್ಯೆಗೆ ಫೋನು ಮಾಡಬಹುದು.

ನಮ್ಮ ಭಾಗದ ಎರಡು ಅಪಾಯಗಳನ್ನು ಬೇರೆಯಾಗಿ ಹೇಳಬೇಕು. ಮೊಣಕಾಲುದ್ದದೊಳಗಿನ ಎಳೆ ಜೋಳ, ಮಳೆ ತಪ್ಪಿ ಬಾಡಿದ ಜೋಳ, ಕೊಯ್ದ ಮೇಲಿನ ಕೂಳೆ ಚಿಗುರು, ಇವುಗಳಲ್ಲಿ ಸಯನೈಡಿನ ವಿಷವಿರುತ್ತದೆ. ತಿಂದ ಸ್ವಲ್ಪ ಹೊತ್ತಿನಲ್ಲೇ ದನ ಏದುಸಿರು ಬಿಟ್ಟು ಬೀಳುತ್ತದೆ, ವೈದ್ಯರು ಕೂಡಲೇ ಬಂದು ಸೂಜಿ ಕೊಟ್ಟರೆ ಉಂಟು. ಚೆನ್ನಾಗಿ ಒಣಗಿದ ಕಡಬಾಕ್ಕೆ ಈ ಭಯವಿಲ್ಲ. ಇನ್ನೊಂದು, ಜಾತ್ರೆ ಮತ್ತು ದಾಸೋಹದ ಮಾರನೆಯ ದಿನ ಉಳಿದ ಅನ್ನ, ಹುಗ್ಗಿ, ಗೋಧಿಯ ಹಿಟ್ಟನ್ನು "ಪ್ರಸಾದ ಹಾಳಾಗಬಾರದು" ಎಂದು ಬುಟ್ಟಿಗಟ್ಟಲೆ ಎಮ್ಮೆಯ ಮುಂದೆ ಸುರಿಯುವ ವಾಡಿಕೆ ಊರೂರಲ್ಲಿದೆ. ಹೊಟ್ಟೆಯಲ್ಲಿ ಹುಳಿ ಏರಿ ಎಮ್ಮೆ ಎರಡು ದಿನದಲ್ಲಿ ಸಾಯಬಹುದು. ಒಂದು ಹಿಡಿ ಸಾಕು. ಉಳಿದದ್ದನ್ನು ತಿಪ್ಪೆಗೆ ಹಾಕಿದರೆ ಗೊಬ್ಬರವಾಗುತ್ತದೆ, ಪ್ರಸಾದಕ್ಕೆ ಅವಮಾನವೇನೂ ಇಲ್ಲ.

ಕೊನೆಯದಾಗಿ ವಹಿ. ನೂರು ಪುಟದ ಒಂದು ವಹಿ ಸಾಕು. ಕೊಂಡ ದಿನವೇ ಮೊದಲ ಪುಟದಲ್ಲಿ ಕಿವಿಬಿಲ್ಲೆಯ ಸಂಖ್ಯೆ, ಕೊಟ್ಟ ಹಣ, ವಿಮೆಯ ಕಂತಿನ ತಾರೀಕು ಬರೆಯಬೇಕು. ಎಮ್ಮೆ ಸತ್ತಾಗ ಬಿಲ್ಲೆಯೂ ಶವಪರೀಕ್ಷೆಯ ಪತ್ರವೂ ಇಲ್ಲದೆ ವಿಮೆಯ ಹಣ ಬರುವುದಿಲ್ಲ. ಎರಡನೆಯ ಪುಟದಲ್ಲಿ ಬೆದೆಗೆ ಬಂದ ದಿನ. ಗಬ್ಬ ನಿಲ್ಲದಿದ್ದರೆ ಇಪ್ಪತ್ತೊಂದು ದಿನಕ್ಕೆ ಮತ್ತೆ ನೋಡಬೇಕು, ನಿಂತರೆ ಸುಮಾರು ಮುನ್ನೂರ ಹತ್ತು ದಿನಕ್ಕೆ ಈಯುತ್ತದೆ, ಅದಕ್ಕೆ ಎರಡು ತಿಂಗಳು ಮೊದಲು ಹಾಲು ಬತ್ತಿಸಬೇಕು. ಮೂರನೆಯ ಪುಟದಿಂದ ದಿನದ ಹಾಲು ಮತ್ತು ಹಿಂಡಿ. ಬಲಬದಿಯಲ್ಲಿ ಒಂದು ಕಿರಿದಾದ ಮನೆ ಗೆರೆ ಹಾಕಿ, ಲೀಟರಿಗೆ ಎರಡು ರೂಪಾಯಿಯ ಆ ನಿಧಿಯನ್ನು ಪ್ರತಿದಿನ ಅಲ್ಲಿ ಬರೆಯುತ್ತಾ ಹೋಗಿರಿ.